ಹಿಡಿ ಅಕ್ಕಿ ಮನೆಗೆ ಬಂದ ಶನಿವಾರ

ಹೋದ ವಾರ ನಮ್ಮ ಸಹಕಾರನಗರದ ಮನೆಯ ಅಡುಗೆಕೋಣೆಯಲ್ಲಿ ಒಂದು ಸಣ್ಣ ಅನಾಹುತ ಮಾಡಿದೆ. ಒಂದು ಡಬ್ಬದ ತಳದಲ್ಲಿ ದಿನಬಳಕೆಯ ಸಣ್ಣಕ್ಕಿ ಚೂರು ಉಳಿದಿತ್ತು. ಇನ್ನೊಂದರಲ್ಲಿ ಮಂಗಳೂರಿನಿಂದ ನಾದಿನಿ ತಂದುಕೊಟ್ಟಿದ್ದ ಕುಚ್ಚಲಕ್ಕಿ ಇತ್ತು. ಯಾವುದೊಂದೂ ಒಂದು ಹೊತ್ತಿಗೆ ಸಾಲುವಂತಿರಲಿಲ್ಲ. ಅಂಗಡಿಗೆ ಹೋಗಲು ಸೋಮಾರಿತನ, ಇನ್ನೇನು, ಎರಡನ್ನೂ ಒಂದೇ ಕುಕ್ಕರಿಗೆ ಸುರಿದೆ. ಮುಚ್ಚಳ ತೆಗೆದಾಗ ಬಂದ ಹಬೆಯಲ್ಲಿ ಕುಚ್ಚಲಕ್ಕಿಯ ಮಣ್ಣು ವಾಸನೆಯೂ ಸಣ್ಣಕ್ಕಿಯ ಸಿಹಿ ವಾಸನೆಯೂ ಬೆರೆತಿದ್ದವು. ಆ ಬೆರಕೆ ವಾಸನೆಗೆ ನಾನು ಸೌಟು ಹಿಡಿದು ನಿಂತೇ ಬಿಟ್ಟೆ.

ತಟ್ಟೆ ಮುಂದೆ ಕೂತ ನನ್ನ ಗಂಡ ಎರಡು ತುತ್ತು ತಿಂದು, ಇದೇನು ಅರ್ಧ ಅನ್ನ ಅರ್ಧ ಅಕ್ಕಿ ಬಡಿಸಿದ್ದೀಯಲ್ಲ ಎಂದು ಗೊಣಗಿದರು. ನನಗೆ ನಗು ಬಂತು. ಎಷ್ಟು ನಕ್ಕೆನೆಂದರೆ ಅವರಿಗೆ ಸಿಟ್ಟೇ ಬಂತು. ಏನಾಯಿತೆಂದು ಆಗ ಹೇಳಲಿಲ್ಲ. ಹೇಳಬೇಕಾದರೆ ಜಾಲಹಳ್ಳಿಯಿಂದ ಶುರು ಮಾಡಬೇಕಾಗಿತ್ತು, ಸಾರು ಆರಿಹೋಗುತ್ತಿತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವಿದ್ದದ್ದು ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಒಂದು ನುಗ್ಗೆಮರ, ಎದೆಮಟ್ಟದ ಗೋಡೆಯಾಚೆ ನಾಗರತ್ನಮ್ಮನ ಮನೆ. ಅಪ್ಪ ಆನಂದರಾಜ್ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮೇಲಿದ್ದರು. ಅಮ್ಮನ ಹೆಸರು ಮಾರ್ಥಾ. ನಾನು ಎರಡನೇ ಪಿಯುಸಿ ಓದುತ್ತಿದ್ದೆ, ತಮ್ಮ ಇನ್ನೂ ಪ್ರೈಮರಿ ಶಾಲೆ.

ನಾವು ಕ್ರೈಸ್ತರು, ನಮ್ಮ ಸಭೆಯ ದೇವಾಲಯ ಇದ್ದದ್ದು ಯಶವಂತಪುರದಲ್ಲಿ, ರೈಲು ಹಳಿಗೆ ತೀರ ಹತ್ತಿರ. ಪ್ರಸಂಗದ, ಅಂದರೆ ಭಾನುವಾರದ ಉಪದೇಶದ ನಡುವೆ ಗೂಡ್ಸ್ ಗಾಡಿ ಬಂತೆಂದರೆ ನಮ್ಮ ಸಭಾಪಾಲಕರು ಮಾತು ನಿಲ್ಲಿಸಿ, ಕನ್ನಡಕ ಒರೆಸುತ್ತಾ, ಕೊನೆಯ ಡಬ್ಬಿ ದಾಟುವವರೆಗೂ ಕಾಯುತ್ತಿದ್ದರು. ಅವರನ್ನು ಎಲ್ಲರೂ ಅಯ್ಯನವರು ಎನ್ನುತ್ತಿದ್ದೆವು. ಕೆಲವು ಭಾನುವಾರ ಪ್ರಸಂಗಕ್ಕಿಂತ ಗೂಡ್ಸ್ ಗಾಡಿಯೇ ಉದ್ದವಾಗುತ್ತಿತ್ತು, ನಮಗದೇ ಇಷ್ಟ.

ಆ ಸಭೆಯ ಹೆಂಗಸರಲ್ಲಿ ಹಿಡಿ ಅಕ್ಕಿಯ ಪದ್ಧತಿ ಇತ್ತು. ಅನ್ನಕ್ಕೆ ಅಕ್ಕಿಯನ್ನು ಪಾವಿನಲ್ಲಿ ಅಳೆದ ಮೇಲೆ, ತೊಳೆಯುವ ಮೊದಲು, ಅದರಿಂದಲೇ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕಬೇಕು. ಚೀಲದಿಂದ ಹೊಸದಾಗಿ ತೆಗೆದು ಹಾಕುವಂತಿಲ್ಲ. ನಾವು ತಿನ್ನುವುದರಲ್ಲೇ ಒಂದು ಹಿಡಿ ಕಡಿಮೆಯಾಗಬೇಕು, ಅದೇ ಅದರ ಲೆಕ್ಕ. ಒಮ್ಮೆ ಆ ಡಬ್ಬಕ್ಕೆ ಬಿದ್ದದ್ದು ದೇವರದು, ಮತ್ತೆ ನಮ್ಮ ಪಾತ್ರೆಗೆ ಬರುವಂತಿಲ್ಲ. ಭಾನುವಾರ ಎಲ್ಲ ಮನೆಯ ಅಕ್ಕಿಯೂ ದೇವಾಲಯದ ಒಂದೇ ಚಾಪೆಯ ಮೇಲೆ ರಾಶಿಯಾಗುತ್ತಿತ್ತು. ರೇಷನ್ ಅಕ್ಕಿ, ಸಣ್ಣಕ್ಕಿ, ಮಂಗಳೂರಿನ ಕಡೆಯವರ ಕುಚ್ಚಲಕ್ಕಿ, ನುಚ್ಚು, ಎಲ್ಲವೂ. ಎಲ್ಲರ ಮನೆ ಅಕ್ಕಿ ಒಂದಾಗುವುದೇ ಐಕ್ಯ ಎಂದು ನಮ್ಮವರ ನಂಬಿಕೆ. ಆ ಐಕ್ಯವನ್ನು ಬೇಯಿಸಿ ತಿನ್ನುವವರು ಮಾತ್ರ ಬೇರೆಯವರಾಗಿದ್ದರು.

ಆ ರಾಶಿಯನ್ನು ಬಟ್ಟೆ ಚೀಲಗಳಿಗೆ ತುಂಬಿ, ಇಲ್ಲದವರ ಮನೆಗಳಿಗೆ ಮುಟ್ಟಿಸುವ ಕೆಲಸ ಅಮ್ಮನದು. ರಜೆಯಿದ್ದಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಅಮ್ಮನಿಗೆ ಇದರಲ್ಲಿ ಒಂದು ಕ್ರಮವಿತ್ತು. ಬಾಗಿಲಲ್ಲಿ ನಿಂತು ಮಾತಾಡುವಂತಿಲ್ಲ, ಒಳಗೆ ಹೋಗಿ ಹೊಸ್ತಿಲ ಪಕ್ಕ ಚೀಲ ಇಡಬೇಕು. ಮನೆಯವರು ಸಂಕೋಚದಿಂದ ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ, "ಬೇಡ ಅನ್ಬೇಡಿ. ನಂದಾಗಿದ್ರೆ ಬೇಡ ಅನ್ಬೋದಿತ್ತು, ಇದು ದೇವ್ರದು" ಎಂದು ಹೇಳಿಬಿಡಬೇಕು. ಆಮೇಲೆ ಕುಡಿಯಲು ಒಂದು ಲೋಟ ನೀರು ಕೇಳಬೇಕು. ಬಾಯಾರಿಕೆ ಇರಲಿ, ಇಲ್ಲದಿರಲಿ. ನಮ್ಮಿಂದ ಏನೋ ಈಸಿಕೊಂಡೆವು ಎಂದು ಅವರಿಗೆ ಅನಿಸಬಾರದು, ಅವರೂ ನಮಗೇನಾದರೂ ಕೊಟ್ಟಂತಾಗಬೇಕು ಎಂದು ಅಮ್ಮ ದಾರಿಯಲ್ಲಿ ನನಗೆ ಹೇಳಿಕೊಡುತ್ತಿದ್ದಳು. ಎಲ್ಲ ಮನೆ ಮುಗಿಸಿ ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ನಮ್ಮಿಬ್ಬರ ಹೊಟ್ಟೆಯೂ ನೀರಿನ ಕೊಡದಂತಾಗಿರುತ್ತಿತ್ತು.

ಆ ಮನೆಗಳಲ್ಲೆಲ್ಲ ಕೊನೆಯದು ಎಸ್ತೇರಮ್ಮನದು. ಯಶವಂತಪುರ ಮಾರ್ಕೆಟ್ಟಿನ ಹಿಂದೆ ಒಂದೇ ಕೋಣೆಯಲ್ಲಿದ್ದ ಮುದುಕಿ. ಗಂಡನೂ ಇಲ್ಲ, ಮಕ್ಕಳೂ ಇಲ್ಲ, ಬೆನ್ನು ಬಾಗಿಹೋಗಿತ್ತು. ಅಮ್ಮ ಕೊಟ್ಟ ಚೀಲವನ್ನು ಅವಳು ಯಾವತ್ತೂ ಬೇಡ ಎನ್ನುತ್ತಿರಲಿಲ್ಲ, ಥ್ಯಾಂಕ್ಸೂ ಹೇಳುತ್ತಿರಲಿಲ್ಲ. ಕೇಳುವ ಮೊದಲೇ ಲೋಟದಲ್ಲಿ ನೀರು ತಂದಿಡುತ್ತಿದ್ದಳು.

ಆ ವರ್ಷ ಸಂಕ್ರಾಂತಿ ಕಳೆಯುವ ಹೊತ್ತಿಗೆ ಕಾರ್ಖಾನೆಯಲ್ಲಿ ಮುಷ್ಕರ ಶುರುವಾಯಿತು. ಮೊದಲ ವಾರ ಹಬ್ಬದಂತಿತ್ತು. ಅಪ್ಪ ಬೆಳಿಗ್ಗೆ ಇಸ್ತ್ರಿ ಷರಟು ಹಾಕಿಕೊಂಡು ಗೇಟಿಗೆ ಹೋಗಿ, ಮರದ ಕೆಳಗೆ ಭಾಷಣ ಕೇಳಿ, ಸಂಜೆ ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದರು. ಇನ್ನು ನಾಲ್ಕು ದಿನ, ಮಾತುಕತೆ ಆಗ್ತಿದೆ ಎನ್ನುತ್ತಿದ್ದರು. ಆ ನಾಲ್ಕು ದಿನ ಮುಗಿಯಲೇ ಇಲ್ಲ. ಸಂಬಳ ನಿಂತಿತು. ಕಿರಾಣಿ ಅಂಗಡಿಯವನು ಮೊದಲು ಮುಖ ಗಂಟು ಹಾಕಿದ, ಆಮೇಲೆ ಮಾತೇ ನಿಲ್ಲಿಸಿದ. ಹಿತ್ತಲ ನುಗ್ಗೆಮರದ ಸೊಪ್ಪು ದಿನವೂ ಸಾರಾಗತೊಡಗಿತು. ತಮ್ಮ ಆ ಮರವನ್ನು ಕಂಡರೆ ಮುಖ ತಿರುಗಿಸುವಷ್ಟಾಯಿತು.

ಆಗಲೇ ಲೆಂಟ್ ಬಂತು. ಈಸ್ಟರಿಗೆ ಮೊದಲಿನ ನಲವತ್ತು ದಿನ ನಮ್ಮಲ್ಲಿ ಉಪವಾಸದ ಕಾಲ. ನಮ್ಮ ಮನೆಯಲ್ಲಿ ಅದು ಬಲು ಸಡಿಲವಾದ ಉಪವಾಸ. ಶುಕ್ರವಾರ ಸಂಜೆಯವರೆಗೆ ಅಮ್ಮ ಏನೂ ತಿನ್ನುತ್ತಿರಲಿಲ್ಲ, ಉಳಿದವರು ಮಾಂಸ ಬಿಡುತ್ತಿದ್ದೆವು, ಅಷ್ಟೆ. ಆ ವರ್ಷ ಅಮ್ಮ ದಿನವೂ ಉಪವಾಸ ಎಂದು ಹೇಳಿಬಿಟ್ಟಳು. ಮುಷ್ಕರ ಒಳ್ಳೆಯ ರೀತಿಯಲ್ಲಿ ಮುಗಿಯಲೆಂದು, ಸಂಜೆ ಪ್ರಾರ್ಥನೆ ಆದ ಮೇಲೆ ಒಂದೇ ಹೊತ್ತು ಊಟ. ಅಪ್ಪನಿಗೆ ಹೆಮ್ಮೆಯೋ ಹೆಮ್ಮೆ. ಗೇಟಿನ ಹತ್ತಿರವೂ, ದೇವಾಲಯದ ಅಂಗಳದಲ್ಲೂ ತನ್ನ ಹೆಂಡತಿಯ ಭಕ್ತಿಯನ್ನು ಹೊಗಳಿಕೊಂಡು ಓಡಾಡಿದರು. ಒಂದು ಭಾನುವಾರ ಅಯ್ಯನವರೂ ಹೆಸರು ಹೇಳದೆ ಅಮ್ಮನ ವಿಷಯ ಪ್ರಸಂಗದಲ್ಲಿ ತಂದರು. ಎಲ್ಲರೂ ತಿರುಗಿ ಅಮ್ಮನನ್ನು ನೋಡಿದರು. ಅಮ್ಮ ತಲೆ ತಗ್ಗಿಸಿ ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಿದ್ದಳು. ಅದನ್ನು ವಿನಯ ಎಂದುಕೊಂಡರು.

ನನಗೆ ಗೊತ್ತಾದದ್ದು ಪಾತ್ರೆ ತೊಳೆಯುವಾಗ. ಸಂಜೆ ನಮಗೆಲ್ಲ ಬಡಿಸಿ ಅಮ್ಮ ಆಮೇಲೆ ತಿಂತೀನಿ ಎನ್ನುತ್ತಿದ್ದಳು. ತಪ್ಪಲೆಯಲ್ಲಿ ಒಂದು ಅಗುಳೂ ಉಳಿದಿರುತ್ತಿರಲಿಲ್ಲ, ಆದರೆ ಅವಳ ತಟ್ಟೆ ಒಣಗಿಯೇ ಇರುತ್ತಿತ್ತು. ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಅಮ್ಮ ಬಸಿದಿಟ್ಟ ಗಂಜಿತಿಳಿಗೆ ಉಪ್ಪು ಹಾಕಿಕೊಂಡು ಕುಡಿದು, ಲೋಟ ತೊಳೆದು ಬೋರಲು ಹಾಕಿದಳು. ಅದೇ ಅವಳ ಒಂದು ಹೊತ್ತಿನ ಊಟ. ನಾನು ಅಳುತ್ತಾ ಅಪ್ಪನಿಗೆ ಹೇಳ್ತೀನಿ ಎಂದೆ. ಅಮ್ಮ ನನ್ನ ಕೈ ಹಿಡಿದುಕೊಂಡು ಹಿತ್ತಲಿಗೆ ಕರೆದುಕೊಂಡು ಹೋದಳು.

"ಹೇಳ್ಬೇಡ ಶಾಂತಾ. ಅವ್ರಿಗೆ ಗೊತ್ತಾದ್ರೆ ನಾಳೆನೇ ಗೇಟೊಳಗೆ ಹೋಗ್ಬಿಡ್ತಾರೆ. ಆಮೇಲೆ ಈ ಬೀದೀಲಿ ಯಾರ ಮುಖಾನೂ ನೋಡೋಕಾಗಲ್ಲ ಅವ್ರಿಗೆ."

ಅದು ನಿಜ. ಆಗಲೇ ಕೆಲವರು ಕದ್ದುಮುಚ್ಚಿ ಕೆಲಸಕ್ಕೆ ಹೋಗತೊಡಗಿದ್ದರು. ಅಂಥವರ ಮನೆಯ ಮಕ್ಕಳ ಜೊತೆ ಬೀದಿಯಲ್ಲಿ ಯಾರೂ ಆಡುತ್ತಿರಲಿಲ್ಲ. ಅಪ್ಪ ಸ್ನೇಹಿತರಿಗೆಂದರೆ ಪ್ರಾಣ ಬಿಡುವ ಮನುಷ್ಯ, ಒಬ್ಬರನ್ನೂ ಬಿಟ್ಟು ಒಂದು ಬೀಡಿಯನ್ನೂ ಸೇದಿದವರಲ್ಲ. ನಮ್ಮ ಹೊಟ್ಟೆಗಾಗಿ ಅವರು ಒಳಗೆ ಹೋಗಿಬಿಟ್ಟರೆ ಆಮೇಲೆ ಅಪ್ಪನಲ್ಲಿ ಅಪ್ಪ ಉಳಿಯುವುದಿಲ್ಲ ಎಂದು ಅಮ್ಮನಿಗೆ ಭಯ. ಲೆಂಟ್ ಒಳ್ಳೆಯ ಸಮಯಕ್ಕೆ ಬಂದಿತ್ತು. ಉಪವಾಸ ಎಂದರೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಬದಲಿಗೆ ಕೈ ಮುಗಿಯುತ್ತಾರೆ.

ಇಷ್ಟರಲ್ಲೂ ಹಿಡಿ ಅಕ್ಕಿ ನಿಲ್ಲಲಿಲ್ಲ. ಹಿಡಿ ಚಿಕ್ಕದಾಯಿತು, ಕೊನೆಕೊನೆಗೆ ಮೂರು ಬೆರಳಿಗೆ ಸಿಕ್ಕಷ್ಟಾಯಿತು, ಆದರೆ ಪ್ರತಿ ಹೊತ್ತೂ ಆ ಹಳೆಯ ಬಿಸ್ಕತ್ತು ಡಬ್ಬದಲ್ಲಿ ಅಕ್ಕಿ ಬೀಳುವ ಸದ್ದು ಕೇಳಿಸುತ್ತಿತ್ತು. ಒಂದು ದಿನ ಅಪ್ಪ, ಈ ಕಷ್ಟಕಾಲದಲ್ಲಿ ದೇವರು ಸ್ವಲ್ಪ ದಿನ ಕಾಯ್ತಾನೆ ಬಿಡು ಎಂದರು. ಅಮ್ಮ ಕೈ ನಿಲ್ಲಿಸದೆ, "ದೇವ್ರು ಕಾಯ್ತಾನೆ ಕಣ್ರೀ. ಎಸ್ತೇರಮ್ಮ ಕಾಯೋಕಾಗಲ್ಲ" ಎಂದಳು. 

ಯುಗಾದಿ ಬಂದು ಹೋಯಿತು. ಹೊಂಗೆಮರಗಳಲ್ಲಿ ಹೊಸ ಎಲೆ ತುಂಬಿ ಬೀದಿಯೆಲ್ಲ ತಂಪಾದರೂ ಮನೆಯೊಳಗೆ ಸೆಕೆ. ಅಮ್ಮನ ಕೈಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಬಟ್ಟೆ ಹಿಂಡುವಾಗ ನಡುವೆ ನಿಂತು ಗೋಡೆ ಹಿಡಿದುಕೊಳ್ಳುತ್ತಿದ್ದಳು. ನನಗೆ ಪರೀಕ್ಷೆಯ ಭಯಕ್ಕಿಂತ ಈಸ್ಟರಿನ ಭಯ ಹೆಚ್ಚಾಯಿತು. ಈಸ್ಟರ್ ದಿನ ಉಪವಾಸ ಇರುವಂತಿಲ್ಲ. ಅಂದು ಲೆಂಟ್ ಮುಗಿಯುತ್ತದೆ, ಮುಷ್ಕರ ಮುಗಿಯುತ್ತದೆಂದು ಯಾರು ಹೇಳಿದರು? ಅಮ್ಮನಿಗೆ ನೆಪವೇ ಇಲ್ಲದಂತಾಗುತ್ತದೆ. ಅಪ್ಪನೆದುರು ಖಾಲಿ ತಟ್ಟೆ ಇಟ್ಟುಕೊಂಡು ಏನು ಹೇಳುತ್ತಾಳೆ? ಹಬ್ಬ ಹತ್ತಿರ ಬಂದಷ್ಟೂ, ಅದು ಬಾರದಿದ್ದರೆ ಸಾಕು ಎಂದು ಬೇಡಿಕೊಂಡ ಕ್ರೈಸ್ತ ಹುಡುಗಿ ನಾನೊಬ್ಬಳೇ ಇರಬೇಕು.

ಗುಟ್ಟನ್ನು ಕಂಡುಹಿಡಿದದ್ದು ಗೋಡೆಯಾಚೆಯ ನಾಗರತ್ನಮ್ಮ. ಯಲಹಂಕದಾಚೆಯ ಹಳ್ಳಿಯ ಒಕ್ಕಲು ಮನೆಯವಳು, ಅವಳ ಗಂಡನೂ ಮುಷ್ಕರದಲ್ಲಿದ್ದ. ಊರಿಂದ ಆಗಾಗ ರಾಗಿ ಬರುತ್ತಿದ್ದುದರಿಂದ ಅವರ ಮನೆಯಲ್ಲಿ ಮುದ್ದೆಗೆ ತೊಂದರೆ ಇರಲಿಲ್ಲ. ಮುದ್ದೆ ಮಾಡಿದಾಗಲೆಲ್ಲ ಗೋಡೆಯ ಮೇಲಿಂದ ಕೈ ಚಾಚುತ್ತಿದ್ದಳು. ಅಮ್ಮ ಮಕ್ಕಳಿಗೆಂದು ತೆಗೆದುಕೊಂಡು, ತನಗೆ ಉಪವಾಸ ಎನ್ನುತ್ತಿದ್ದಳು. ಉಪವಾಸದ ವಿಷಯದಲ್ಲಿ ನಾಗರತ್ನಮ್ಮನನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಶನಿವಾರ, ಏಕಾದಶಿ, ಸಂಕಷ್ಟಿ, ಶಿವರಾತ್ರಿ ಎಂದು ವರ್ಷದ ಅರ್ಧ ದಿನ ಉಪವಾಸವೇ. ಒಂದು ಮಧ್ಯಾಹ್ನ ನಾನು ನುಗ್ಗೆಸೊಪ್ಪು ಬಿಡಿಸುತ್ತಿದ್ದಾಗ ಗೋಡೆಗೆ ಒರಗಿ, ದನಿ ತಗ್ಗಿಸಿ ಕೇಳಿದಳು.

"ನಿಮ್ಮಮ್ಮಂದು ಎಂಥಾ ಉಪಾಸ ಕಣೇ? ನಾನು ಉಪಾಸ ಇದ್ರೆ ಬೆಳಗಿಂದ ಊಟದ್ದೇ ಮಾತು. ಒತ್ತು ಎಷ್ಟಾಯ್ತು, ಸಂಜೆಗೆ ಏನ್ ಮಾಡ್ಲಿ ಅಂತ ಎಲ್ರ ಪ್ರಾಣ ತಿಂತೀನಿ. ಮಾರ್ಥಕ್ಕ ಒಂದಿನಾನೂ ಊಟದ್ ಮಾತೇ ಎತ್ತಾಕಿಲ್ಲ. ಉಪಾಸ ಇರೋರು ಇಂಗಿರಲ್ಲ."

ನಾನು ತಲೆ ಬಗ್ಗಿಸಿ ಸೊಪ್ಪು ಬಿಡಿಸತೊಡಗಿದೆ. ಅಷ್ಟೇ ಅವಳಿಗೆ ಸಾಕಾಯಿತು. ಸೊಪ್ಪಿನ ಮೇಲೆ ಬಿದ್ದ ನನ್ನ ಕಣ್ಣೀರನ್ನು ನೋಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು.

ಶುಭ ಶುಕ್ರವಾರ ಬಂತು. ಯೇಸುಸ್ವಾಮಿ ಶಿಲುಬೆಯ ಮೇಲಿದ್ದ ಹೊತ್ತಿನ ನೆನಪಿಗೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಆರಾಧನೆ. ಅಪ್ಪ ಗೇಟಿನಿಂದ ನೇರ ಬರುತ್ತೇನೆಂದು ಮೊದಲೇ ಹೋಗಿದ್ದರು. ನಾವು ಹೊರಟಾಗ ನಾಗರತ್ನಮ್ಮನೂ ರೇಷ್ಮೆ ಅಂಚಿನ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ನಿಮ್ಮ ದೇವರ ಪೂಜೆ ನಾನೂ ನೋಡ್ತೀನಿ ಎಂದಳು. ಅಮ್ಮ ಬೇಡ ಎನ್ನುವಂತಿರಲಿಲ್ಲ. ದೇವಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ, ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಕೀರ್ತನೆಗೆ ಎಲ್ಲರೂ ಎದ್ದು ನಿಂತಾಗ ಅಮ್ಮ ಎದ್ದಳು, ಎರಡನೇ ಕೀರ್ತನೆಗೂ ಎದ್ದಳು, ಮೂರನೆಯದಕ್ಕೆ ಏಳಲಾಗಲಿಲ್ಲ. ಎಷ್ಟು ಭಕ್ತಿ ನೋಡು ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ನಾಗರತ್ನಮ್ಮ ಸರ್ರನೆ ತಿರುಗಿ ಅವರನ್ನು ಸುಡುವಂತೆ ನೋಡಿದಳು.

ಗಂಡಸರ ಸಾಲಿನಲ್ಲಿದ್ದ ಅಪ್ಪ ಆರಾಧನೆ ಮುಗಿದೊಡನೆ ಮತ್ತೆ ಗೇಟಿಗೆ ಹೋದರು. ಅಮ್ಮನನ್ನು ಬೇವಿನ ನೆರಳಲ್ಲಿ ಕೂರಿಸಿ ನಾನು ನಲ್ಲಿಯಿಂದ ನೀರು ತರಲು ಹೋದೆ. ನಲ್ಲಿಯ ಪಕ್ಕದಲ್ಲೇ ಅಯ್ಯನವರು ನಿಲುವಂಗಿ ತೆಗೆದು ಮಡಚಿಕೊಂಡು ನಿಂತಿದ್ದರು. ನಾಗರತ್ನಮ್ಮ ನೇರ ಅವರ ಮುಂದೆ ಹೋಗಿ ಕೈ ಮುಗಿದಳು. ಪರಿಚಯ ಗಿರಿಚಯ ಏನೂ ಇಲ್ಲ.

"ನಿಮ್ಮ ಉಪಾಸ ಯಾವತ್ತು ಮುಗೀತದೆ ಸ್ವಾಮಿ?"

ನಾಡಿದ್ದು ಭಾನುವಾರ ಮುಗಿಯುತ್ತದಮ್ಮ ಎಂದರು ಅಯ್ಯನವರು.

"ನಿಮ್ದು ಮುಗೀತದೆ. ಮಾರ್ಥಕ್ಕಂದು ಮುಗಿಯಕಿಲ್ಲ. ಅದು ನಿಮ್ಮ ಉಪಾಸ ಅಲ್ಲ ಸ್ವಾಮಿ, ಅಸಿವು."

ಅಯ್ಯನವರು ಕನ್ನಡಕ ತೆಗೆದರು. ರೈಲೇನೂ ಬಂದಿರಲಿಲ್ಲ, ಆದರೂ ಸುಮ್ಮನೆ ನಿಂತರು. ಆಮೇಲೆ ನನ್ನ ಕಡೆ ನೋಡಿದರು. ನಾನು ನೀರಿನ ಲೋಟ ಹಿಡಿದುಕೊಂಡು ಹೌದೆಂದು ತಲೆ ಅಲ್ಲಾಡಿಸಿದೆ, ಅಷ್ಟೆ. ಅವರು ಒಳಗೆ ಹೋದರು. ಬಸ್ಸಿನಲ್ಲಿ ನಾಗರತ್ನಮ್ಮ ಅಮ್ಮನ ಪಕ್ಕ ಕೂತು, ನಿಮ್ಮ ಹಾಡುಗಳು ಬಲು ನಿಧಾನ, ನಮ್ಮ ಭಜನೆ ಆಗಿದ್ದರೆ ಇಷ್ಟೊತ್ತಿಗೆ ಮೂರು ಸಲ ಮುಗಿದಿರುತ್ತಿತ್ತು ಎಂದು ವಿಮರ್ಶೆ ಮಾಡಿಕೊಂಡು ಬಂದಳು. ನನಗೆ ಮಾತ್ರ ಸಭೆಯವರೆಲ್ಲ ಸೇರಿ ಮನೆಗೆ ಬಂದು ಅಮ್ಮನ ಮಾನ ಕಳೆದರೆ ಎಂಬ ಭಯ.

ಯಾರೂ ಸೇರಿ ಬರಲಿಲ್ಲ. ಮರುದಿನ ಶನಿವಾರ ಬೆಳಿಗ್ಗೆ ಅಮ್ಮ ಬಿಸ್ಕತ್ತು ಡಬ್ಬದ ಅಕ್ಕಿಯನ್ನು ಚೀಲಕ್ಕೆ ಸುರಿಯುತ್ತಿದ್ದಳು. ಹಬ್ಬಕ್ಕೆ ಎಲ್ಲರ ಮನೆಯಲ್ಲೂ ಒಲೆ ಉರಿಯಲೆಂದು ಆ ವಾರ ಹಿಡಿ ಅಕ್ಕಿಯ ಹಂಚಿಕೆ ಒಂದು ದಿನ ಮೊದಲೇ. ಅಪ್ಪ ಕನ್ನಡಿಯ ಮುಂದೆ ಗಡ್ಡ ಬೋಳಿಸಿಕೊಳ್ಳುತ್ತಿದ್ದರು. ಬಾಗಿಲಲ್ಲಿ ಸದ್ದಾಯಿತು. ನೋಡಿದರೆ ಎಸ್ತೇರಮ್ಮ. ಬಾಗಿದ ಬೆನ್ನಿನ ಮೇಲೆ ಬಿಳಿ ಸೀರೆಯ ಸೆರಗು, ಕಂಕುಳಲ್ಲಿ ಬಟ್ಟೆ ಚೀಲ. ಅಮ್ಮ ಗಾಬರಿಯಾಗಿ, ನಾನೇ ಬರ್ತಿದ್ದೆನಲ್ಲ ಎಸ್ತೇರಮ್ಮ, ನೀವು ಯಾಕೆ ಬಂದ್ರಿ, ಏನಾದರೂ ತೊಂದರೆಯೇ ಎಂದು ಕೇಳಿದಳು.

ಎಸ್ತೇರಮ್ಮ ಬಾಗಿಲಲ್ಲಿ ನಿಲ್ಲಲಿಲ್ಲ. ಒಳಗೆ ಬಂದು ಹೊಸ್ತಿಲ ಪಕ್ಕ ಚೀಲ ಇಟ್ಟಳು. ಅಮ್ಮ ಚೀಲದ ಕಡೆ ನೋಡಿದಳು, ಆಮೇಲೆ ನನ್ನ ಕಡೆ, ಆಮೇಲೆ ಅಪ್ಪನ ಬೆನ್ನಿನ ಕಡೆ. ಅವಳ ಬಾಯಿಂದ ಬೇಡ ಎಂಬುದು ಅರ್ಧ ಹೊರಬಂದಿತ್ತು.

"ಬೇಡ ಅನ್ಬೇಡ ಮಾರ್ಥಾ" ಎಂದಳು ಎಸ್ತೇರಮ್ಮ. "ನಂದಾಗಿದ್ರೆ ಬೇಡ ಅನ್ಬೋದಿತ್ತು. ಇದು ದೇವ್ರದು."

ಅಷ್ಟು ವರ್ಷ ಎಷ್ಟೋ ಮನೆಗಳಲ್ಲಿ ಅವಳು ಹೇಳಿದ್ದ ಮಾತು ಅದು. ಅದಕ್ಕೆ ಎದುರು ಏನು ಹೇಳಬೇಕೆಂದು ಅವಳಿಗೂ ಗೊತ್ತಿರಲಿಲ್ಲ, ಏಕೆಂದರೆ ಯಾರೂ ಅವಳಿಗೆ ಎದುರು ಹೇಳಿರಲಿಲ್ಲ. ಎಸ್ತೇರಮ್ಮ ನೆಲದ ಮೇಲೆ ಕೂತು ಕಾಲು ಚಾಚಿದಳು.

"ಒಂದ್ ಲೋಟ ನೀರ್ ಕೊಡು ತಾಯಿ."

ಅಮ್ಮ ಒಳಗೆ ಹೋಗಿ ನೀರು ತಂದಳು. ಎಸ್ತೇರಮ್ಮ ಪೂರ್ತಿ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ನಕ್ಕಳು. "ನಂಗೇನೂ ದಾಹ ಇಲ್ಲ ಕಣಮ್ಮ. ನಿಂಗೂ ಯಾವತ್ತೂ ಇರ್ತಿರ್ಲಿಲ್ಲ. ನಂಗೆ ಗೊತ್ತಾಗ್ತಿರ್ಲಿಲ್ಲ ಅಂದ್ಕೊಂಡಿದ್ಯಾ?"

ಆಗ ಅಮ್ಮ ಅತ್ತಳು. ಲೆಂಟ್ ಶುರುವಾದಾಗಿನಿಂದ ಒಂದು ಹನಿ ಕಣ್ಣೀರು ಹಾಕದವಳು ಎಸ್ತೇರಮ್ಮನ ಮಡಿಲಲ್ಲಿ ತಲೆಯಿಟ್ಟು ಚಿಕ್ಕ ಹುಡುಗಿಯಂತೆ ಅತ್ತಳು. ಮುದುಕಿ ಅವಳ ಬೆನ್ನು ಸವರುತ್ತಾ, ಅಯ್ಯನವರು ನಿನ್ನೆ ಸಂಜೆ ದೇವಾಲಯದಲ್ಲಿ ಉಳಿದಿದ್ದ ಹಿಡಿ ಅಕ್ಕಿಯ ಚೀಲ ಹಿಡಿದು ನಮ್ಮ ಮನೆಗೆ ಬಂದು ಕೇಳಿದರು, ಯಾರು ತಗೊಂಡುಹೋದರೆ ಮಾರ್ಥಾ ಬೇಡ ಅನ್ನೋದಿಲ್ಲ ಅಂತ, ನಾನೇ ಹೋಗ್ತೀನಿ ಅಂದೆ, ಇವತ್ತಿನ ಹಂಚಿಕೆ ಉಳಿದ ಹೆಂಗಸರು ನೋಡ್ಕೊಳ್ತಾರೆ ಎಂದು ಹೇಳಿದಳು. ನಮ್ಮ ಅಯ್ಯನವರ ಪ್ರಸಂಗಗಳು ಒಂದೂ ನನಗೆ ನೆನಪಿಲ್ಲ. ಆದರೆ ಯಾರ ಕೈಯಲ್ಲಿ ಚೀಲ ಕಳಿಸಬೇಕೆಂದು ಅವರಿಗೆ ತಿಳಿದಿತ್ತಲ್ಲ, ಅದನ್ನು ನೆನೆದಾಗಲೆಲ್ಲ ಅವರಿಗೊಂದು ನಮಸ್ಕಾರ ಹೇಳುತ್ತೇನೆ.

ಅಪ್ಪ ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ನಿಂತಿದ್ದರು. ಅವರಿಗೆ ಒಂದೊಂದಾಗಿ ಎಲ್ಲ ಅರ್ಥವಾಗುತ್ತಿದ್ದುದು ಮುಖದ ಮೇಲೇ ಕಾಣುತ್ತಿತ್ತು. ಎಷ್ಟು ದಿನದಿಂದ ಮಾರ್ಥಾ ಎಂದು ಕೇಳಿದರು. "ನಾನು ಊರೆಲ್ಲಾ ನಿನ್ನ ಭಕ್ತಿ ಹೊಗಳ್ಕೊಂಡು ಬಂದೆನಲ್ಲೇ" ಎಂದರು. ಸೋಪು ಒರೆಸಿಕೊಂಡು, ಸಾಕು, ಸೋಮವಾರ ನಾನು ಒಳಗೆ ಹೋಗ್ತೀನಿ ಎಂದರು. ಅಮ್ಮ ಹೆದರಿದ್ದ ಮಾತು ಕೊನೆಗೂ ಬಂದಿತ್ತು.

ಅಮ್ಮ ಕಣ್ಣೊರೆಸಿಕೊಂಡು ಎದ್ದು ಕೂತಳು. ಚೀಲದ ಬಾಯಿ ಬಿಚ್ಚಿ ಕೈ ಹಾಕಿ ನೋಡಿದಳು. "ಯಾಕೆ ಹೋಗ್ತೀರಾ? ಮನೇಲಿ ಅಕ್ಕಿ ಇದೆಯಲ್ಲ" ಎಂದಳು.

ಅಷ್ಟೇ ಮಾತು. ಅದನ್ನು ಕೇಳಿ ನನಗಾದ ನಿರಾಳ ಇವತ್ತಿಗೂ ನನ್ನ ಮೈಯಲ್ಲಿದೆ. ಅಮ್ಮ ಚೀಲವನ್ನು ತನ್ನದೆಂದು ಒಪ್ಪಿಕೊಂಡಿದ್ದಳು. ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಸೀಮೆಎಣ್ಣೆ ಸ್ಟೌವಿಗೆ ಪಂಪು ಹೊಡೆಯಲು ಹೋದರು. ಈಗಲೇ ಅನ್ನ ಮಾಡ್ತೀನಿ, ಎಲ್ಲರೂ ಕೂತು ತಿನ್ನೋಣ ಎಂದರು.

ಅಮ್ಮ ಬೇಡವೇ ಬೇಡ ಎಂದಳು. ಎಸ್ತೇರಮ್ಮನಿಗೂ ಮಕ್ಕಳಿಗೂ ಹಾಕಿ, ನಂಗೆ ಸಂಜೆ ಪ್ರಾರ್ಥನೆ ಆಗೋವರೆಗೂ ಉಪವಾಸ ಎಂದಳು. ಅಪ್ಪನಿಗೆ ತಲೆ ಕೆಟ್ಟುಹೋಯಿತು. ಇನ್ನೂ ಎಂಥ ಉಪವಾಸ ಎಂದು ಕೂಗಾಡಿದರು, ಎಸ್ತೇರಮ್ಮ ಬೈದಳು, ನಾನು ಅತ್ತೆ. ಹಟ ಎಂದರೆ ಹಟ. ಗದ್ದಲ ಕೇಳಿ ನಾಗರತ್ನಮ್ಮ ಹಿತ್ತಲ ಬಾಗಿಲಿಗೆ ಬಂದು ಇಣುಕಿದಳು. ಹೊಸ್ತಿಲ ಪಕ್ಕದ ಚೀಲ ನೋಡಿದಳು, ಅಮ್ಮನ ಮುಖ ನೋಡಿದಳು, ನ್ಯಾಯ ತೀರಿಸಿದಳು.

"ಬಿಡಣ್ಣ, ಇವತ್ತೊಂದಿನ ಇರ್ಲಿ. ಮನೇಲಿ ಅಕ್ಕಿ ಮಡಿಕ್ಕೊಂಡು ತಿನ್ನದೆ ಇರೋದಲ್ವಾ ಉಪಾಸ? ಮಾರ್ಥಕ್ಕ ಇವತ್ತೇ ಶುರು ಮಾಡವ್ರೆ."

ಅವಳ ಮಾತು ಸರಿಯಾಗಿತ್ತು. ಆ ವರ್ಷದ ಲೆಂಟಿನಲ್ಲಿ ಅಮ್ಮ ನಿಜವಾಗಿ ಉಪವಾಸ ಮಾಡಿದ್ದು ಆ ಒಂದೇ ದಿನ. ಗುರುತು ಹಿಡಿಯುವುದೂ ಸುಲಭವಾಗಿತ್ತು, ನಾಗರತ್ನಮ್ಮ ನನಗೆ ಹೇಳಿಕೊಟ್ಟಿದ್ದಳಲ್ಲ. ಹನ್ನೊಂದು ಗಂಟೆಯಿಂದಲೇ ಅಮ್ಮ ಊಟದ ಮಾತು ಶುರು ಮಾಡಿದಳು. ನಾಳೆಗೆ ನುಗ್ಗೆಸೊಪ್ಪು ಬೇಡ, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಗಟ್ಟಿ ಬೇಳೆಸಾರು ಮಾಡೋಣ ಎಂದಳು. ತವರಲ್ಲಿ ಈಸ್ಟರಿಗೆ ತನ್ನ ಅಮ್ಮ ಮಾಡುತ್ತಿದ್ದ ಕೋಳಿಸಾರಿಗೆ ಗಸಗಸೆ ಎಷ್ಟು ಹಾಕುತ್ತಿದ್ದಳು, ಕೊಬ್ಬರಿ ಎಷ್ಟು ಹುರಿಯುತ್ತಿದ್ದಳು ಎಂದು ವಿವರಿಸಿದಳು. ಮಧ್ಯಾಹ್ನ ಗುಡುಗು ಮಿಂಚು ಸೇರಿ ಆ ಬೇಸಿಗೆಯ ಮೊದಲ ಮಳೆ ಬಂತು, ಹೊಂಗೆ ಹೂವೆಲ್ಲ ಅಂಗಳಕ್ಕೆ ಉದುರಿ ಬಿತ್ತು. ಅಮ್ಮ ಕಿಟಕಿಯಲ್ಲಿ ನಿಂತು, ಈ ಮಳೆಗೆ ಬಿಸಿ ಬೋಂಡ ಇರಬೇಕಿತ್ತು ಎಂದಳು. ಸಂಜೆ ಎಷ್ಟು ಹೊತ್ತಿಗಾಗುತ್ತದೆ ಎಂದು ತಮ್ಮನನ್ನು ಗಡಿಯಾರ ನೋಡಿಬಾ ಎಂದು ಪದೇ ಪದೇ ಕಳಿಸಿದಳು. ಎಸ್ತೇರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸಂಜೆ ಪ್ರಾರ್ಥನೆಯನ್ನು ಅಪ್ಪ ಎಂದಿನಂತೆ ಎಳೆಯಲಿಲ್ಲ, ನಾಲ್ಕು ಮಾತಲ್ಲಿ ಮುಗಿಸಿದರು. ಮೊದಲ ತಟ್ಟೆಯನ್ನು ಅಮ್ಮನ ಮುಂದೆ ಇಟ್ಟರು. ಅವಳು ತುತ್ತು ಬಾಯಿಗಿಡುವವರೆಗೂ ನಾವ್ಯಾರೂ ಕೈ ಹಾಕಲಿಲ್ಲ. ಆಮೇಲೆ ಅಪ್ಪ ಬದುಕಿದ್ದಷ್ಟು ದಿನವೂ ನಮ್ಮ ಮನೆಯಲ್ಲಿ ಅದೇ ಪದ್ಧತಿಯಾಯಿತು. ಅಮ್ಮ ಮೊದಲ ತುತ್ತು ನುಂಗಿದಳು, ಎರಡನೆಯದನ್ನು ಅಗಿದಳು, ಹುಬ್ಬು ಗಂಟಿಕ್ಕಿದಳು.

"ಏನಿದು, ಅರ್ಧ ಮುದ್ದೆಯಾಗಿದೆ, ಅರ್ಧ ಬೆಂದೇ ಇಲ್ಲ. ಈ ಅಕ್ಕೀನ ನಾನು ಇಷ್ಟು ವರ್ಷ ಜನಕ್ಕೆ ಹೊತ್ತು ಹಾಕಿದ್ನಾ? ಎಸ್ತೇರಮ್ಮ, ನೀವ್ಯಾಕೆ ಒಂದಿನಾನೂ ಹೇಳ್ಲಿಲ್ಲ?"

ದೇವರ ಅಕ್ಕಿಗೆ ಯಾರಾದರೂ ದೂರು ಹೇಳ್ತಾರಾ ತಾಯಿ ಎಂದಳು ಎಸ್ತೇರಮ್ಮ. ಕುಚ್ಚಲಕ್ಕಿಯನ್ನು ಆರಿಸಿ ಬೇರೆ ಮಾಡಿ ಮೊದಲು ಬೇಯಿಸಬೇಕು, ತಾನಂತೂ ಮುದುಕಿ, ಮಧ್ಯಾಹ್ನವೆಲ್ಲ ಆರಿಸುವುದೇ ಕೆಲಸ ಎಂದಳು. ಅಮ್ಮ ಉಣ್ಣುತ್ತಲೇ ತೀರ್ಮಾನ ಮಾಡಿದಳು. ಇನ್ನು ಮೇಲೆ ಚಾಪೆಯ ಮೇಲೆ ಎಲ್ಲ ಸುರಿಯುವಂತಿಲ್ಲ, ಒಂದೊಂದು ಅಕ್ಕಿಗೆ ಒಂದೊಂದು ಚೀಲ, ಐಕ್ಯವೂ ಬೇಡ ಏನೂ ಬೇಡ. ಹೇಳುತ್ತಾ ಹೇಳುತ್ತಾ ಇನ್ನೊಂದು ಸಲ ಬಡಿಸಿಕೊಂಡಳು, ಉಪ್ಪು ಕಡಿಮೆ ಎಂದು ಅಪ್ಪನಿಗೂ ಒಂದು ಮಾತು ಅಂದಳು. ಗೋಡೆಯಾಚೆಯಿಂದ ನಾಗರತ್ನಮ್ಮನ ದನಿ ಬಂತು.

"ಕೇಳುಸ್ತಾ ಶಾಂತಾ? ಅನ್ನ ಬೆಂದಿಲ್ಲಾಂತ ಬೈತಾವ್ರೆ. ಉಪಾಸ ಮುಗೀತು ಬಿಡು."

ಮುಷ್ಕರ ಮುಗಿದದ್ದು ಅದಾಗಿ ಎಷ್ಟೋ ದಿನಗಳ ಮೇಲೆ. ಅಪ್ಪ ಎಲ್ಲರ ಜೊತೆಗೇ ಹೊರಗಿದ್ದು, ಎಲ್ಲರ ಜೊತೆಗೇ ಒಳಗೆ ಹೋದರು. ಅಲ್ಲಿಯವರೆಗೂ ಎಸ್ತೇರಮ್ಮನೇ ನಮ್ಮ ಮನೆಗೆ ಚೀಲ ತಂದಳು, ಪ್ರತಿ ಸಲವೂ ನೀರು ಕೇಳಿದಳು. ಅಮ್ಮ ಮತ್ತೆ ಮೂರು ಬೆರಳಿನ ಅಕ್ಕಿಯನ್ನು ಪೂರ್ತಿ ಹಿಡಿ ಮಾಡಿದಳು. ನಾಗರತ್ನಮ್ಮನೂ ಒಂದು ಡಬ್ಬ ಇಟ್ಟುಕೊಂಡು ರಾಗಿ ಹಾಕತೊಡಗಿದಳು, ಅದಕ್ಕೂ ಬೇರೆ ಚೀಲವಾಯಿತು. ಎಷ್ಟೋ ವರ್ಷದ ಮೇಲೆ ನಾನು ಆ ಲೆಂಟಿನ ಮಾತು ತೆಗೆದಾಗ ಅಮ್ಮ ಹೇಳಿದ್ದಳು, ಶುರುವಿನಲ್ಲಿ ಅದು ಉಪವಾಸವೇ ಆಗಿತ್ತು ಕಣೇ, ಯಾವತ್ತು ಹಸಿವಾಯಿತೋ ನನಗೇ ತಿಳೀಲಿಲ್ಲ ಎಂದು.

ಅದಕ್ಕೇ ಹೋದ ವಾರ ನಾನು ಅಷ್ಟು ನಕ್ಕದ್ದು. ಮನೆಯಲ್ಲಿ ಯಾರಾದರೂ ಊಟ ಸರಿಯಿಲ್ಲವೆಂದು ಗೊಣಗಿದರೆ ಉಳಿದ ಹೆಂಗಸರಿಗೆ ಸಿಟ್ಟು ಬರುತ್ತದಂತೆ. ನನಗೆ ಬರುವುದಿಲ್ಲ. ಎಲ್ಲರೂ ಉಣ್ಣುತ್ತಿದ್ದಾರೆ, ಯಾರೂ ಏನೂ ಮುಚ್ಚಿಡುತ್ತಿಲ್ಲ ಎಂದು ಎದೆ ಹಗುರಾಗುತ್ತದೆ. ನನ್ನ ಗಂಡ ಇನ್ನೂ ಗೊಣಗುತ್ತಲೇ ಇದ್ದರು. ಅವರ ತಟ್ಟೆಗೆ ಆ ಬೇಯದ ಅನ್ನವನ್ನೇ ಇನ್ನೊಂದು ಸೌಟು ಹಾಕಿದೆ.